ಕುಂಕುಮ ಹಚ್ಚಿಸ್ಕೊಂಡ ಟ್ಯಾಂಕು

ಸುಳ್ಳು ಅಂತೀಯಾ? ಅನ್ನು, ಅನ್ನು. ಅಂಗೈ ಅಗಲದ ಟ್ಯಾಂಕಿಗೆ ತುಕ್ಕು ಹಿಡಿಸೋಕೆ ಒಬ್ಬ ಗಂಡಸು ಇಡೀ ಭಾನುವಾರ ಕೂತಿರ್ತಾನಾ ಅಂತ ತಾನೆ ನಿನ್ನ ನಗು? ಕೂತಿರ್ತಾನೆ ಕಣಯ್ಯಾ. ನಮ್ಮ ಹಿತ್ತಲ ರೂಮಲ್ಲೇ ಕೂತಿದ್ದ, ನಾನೇ ಬಾಡಿಗೆಗೆ ಕೊಟ್ಟಿದ್ದು. ಟ್ಯಾಂಕು ಅಂದ್ರೆ ನೀರಿಂದಲ್ಲ, ಯುದ್ಧದ್ದು. ಅದೂ ಆಟದ ಯುದ್ಧದ್ದು.

ಹೆಸರು ಶಿವಪುತ್ರ. ಕಲಬುರ್ಗಿ ಕಡೆಯವನು. ಹೆಂಡ್ತಿ ಶೇಷಮ್ಮನ್ನ ಕಟ್ಕೊಂಡು ಬಂದು ಟಿನ್ ಫ್ಯಾಕ್ಟರಿ ಹತ್ರ ಒಂದು ಗ್ಯಾರೇಜಲ್ಲಿ ಪೇಂಟ್ ಹೊಡೀತಿದ್ದ. ಅಲ್ಲಿ ರೈಲು ಹಳಿ ಮೇಲೆ ಹ್ಯಾಂಗಿಂಗ್ ಬ್ರಿಡ್ಜ್ ಆದ ಹೊಸದು ಆಗ. ಹಳೇ ಕಾರು ಎಲ್ಲಾದ್ರೂ ತರಚಿದ್ರೆ ಅಷ್ಟೇ ಜಾಗಕ್ಕೆ ಬಣ್ಣ ಹಚ್ಬೇಕಲ್ಲ, ಹೊಸ ಬಣ್ಣ ಹಚ್ಚಿದ್ರೆ ತೇಪೆ ಹಾಕ್ದಂಗೆ ಕಾಣುತ್ತೆ. ಇವನು ಬಿಸಿಲಿಗೆ ಬೆಳ್ಳಗಾದ ಬಣ್ಣವನ್ನೇ ಕಲಸಿ ಹಚ್ತಿದ್ದ. ಒಂದ್ಸಲ ನನ್ನ ಸ್ಕೂಟರ್ ಬಾಗಿಲಿಗೆ ಹಚ್ಚಿದ್ದು ನೋಡಿ, ತರಚಿದ್ದು ಎಲ್ಲಿ ಅಂತ ನಾನೇ ಹುಡುಕಾಡಿ, ಸಿಗದೆ, ಇನ್ನೊಂದ್ಸಲ ತರಚಿಕೊಂಡು ಬಂದೆ. ಸ್ಕೂಟರಿಗೆ ಬಾಗಿಲೆಲ್ಲಿ ಅಂತೀಯಾ? ಡಿಕ್ಕಿ ಬಾಗಿಲು ಕಣೋ. ಮಧ್ಯೆ ಬಾಯಿ ಹಾಕ್ಬೇಡ.

ಆ ಗ್ಯಾರೇಜಿಗೆ ಕಾರು ಬಿಟ್ಟಿದ್ದವನು ಭಗವಂತರಾಯ. ಇಂದಿರಾನಗರದವನು. ಅವನದ್ದೊಂದು ಕ್ಲಬ್ಬು. ದೊಡ್ಡ ದೊಡ್ಡ ಗಂಡಸರು ಮೇಜಿನ ಮೇಲೆ ಥರ್ಮಾಕೋಲ್ ಗುಡ್ಡ ಮಾಡಿ, ಬೆರಳುದ್ದ ಸೈನಿಕರನ್ನ, ಟ್ಯಾಂಕುಗಳನ್ನ ಎರಡು ಕಡೆ ನಿಲ್ಲಿಸ್ಕೊಂಡು, ದಾಳ ಹಾಕೋದು, ಟೇಪು ಹಿಡಿದು ಅಳೆದು ಮುಂದಕ್ಕೆ ತಳ್ಳೋದು. ಸೈನ್ಯ ಹೊಸದಾಗಿ ಹೊಳೀತಿದ್ರೆ ಮರ್ಯಾದೆ ಇಲ್ಲವಂತೆ. ಕೆಸರಲ್ಲಿ ಹೊರಳಿ, ಹೊಗೆ ಕುಡಿದು, ತುಕ್ಕು ಹಿಡಿದಂಗೆ ಇರಬೇಕು. ಶಿವಪುತ್ರನ ಕೈ ನೋಡಿದ್ದೇ ತಡ, ಭಗವಂತರಾಯ ಡಬ್ಬಗಟ್ಟಲೆ ಟ್ಯಾಂಕು ತಂದು ಸುರಿದ.

ಸರಿ, ಶುರುವಾಯ್ತು. ನಮ್ಮ ಸೈಟಿನ ಕೆಮ್ಮಣ್ಣು ಜರಡಿ ಹಿಡಿಯೋದು, ಇಟ್ಟಿಗೆ ಪುಡಿ, ಸೀಮೆಸುಣ್ಣದ ಪುಡಿ, ಸ್ಟೌ ಮಸಿ ಉಜ್ಜೋದು, ನಾಲ್ಕೇ ಕೂದಲಿನ ಬ್ರಷ್ಷಲ್ಲಿ ಗಾಲಿ ಸಂದಿಗೆ ಕೆಸರು ಕೂರಿಸೋದು. ನಮ್ಮ ಎಮ್ಮೆ ಆ ಕೆಸರು ನೋಡಿ ಕಿಟಕೀಲಿ ತಲೆ ತೂರಿಸ್ತು, ಹೊರಳಾಡೋಕೆ. ಗುಜರಿ ಅಂಗಡಿ ಶಫಿ ತುಕ್ಕು ನೋಡಿ, ಯಜಮಾನ್ರೇ ತೂಕಕ್ಕೆ ಹಾಕ್ತೀರಾ ಅಂತ ತಕ್ಕಡಿ ತಂದ. ತಕ್ಕಡಿ ತಂದಿದ್ದಂತೂ ನಿಜ.

ಕೂಲಿ ಭಗವಂತರಾಯ ಸರಿಯಾಗೇ ಕೊಡ್ತಿದ್ದ, ಸುಳ್ಳು ಹೇಳಬಾರದು. ಆದ್ರೆ ಕ್ಲಬ್ಬಲ್ಲಿ ಎಲ್ಲಾ ತಾನೇ ಮಾಡಿದ್ದು ಅಂತಿದ್ದನಂತೆ. ಶಿವಪುತ್ರನ ಕಿವಿಗೂ ಬಿತ್ತು. ವಿಜಯದಶಮಿ ದಿನ ಕ್ಲಬ್ಬಿನ ಪ್ರದರ್ಶನ, ಸೈನ್ಯದ ಮುಂದೆ ಹೆಸರಿನ ಚೀಟಿ ಇಡ್ತಾರೆ. ಅದರಲ್ಲಿ ತನ್ನ ಹೆಸರೂ ಇರಲಿ ಅಂತ ಶಿವಪುತ್ರ ಕೇಳಿದ. ಬೇರೇನೂ ಕೇಳಲಿಲ್ಲ. ಭಗವಂತರಾಯ ನಮ್ಮ ಜಗಲೀಲಿ ಕೂತು, ನಮ್ಮ ಮಜ್ಜಿಗೆ ಕುಡಿದು, ಖಂಡಿತ ಅಂದ. ನಮ್ಮ ಮಜ್ಜಿಗೆ ಕಣೋ, ಇಂಗು ಹಾಕಿದ್ದು!

ಈಗ ಕೇಳು ಅನಾಹುತ. ಆಯುಧಪೂಜೆ ಬಂತು. ಅವತ್ತು ಏನ್ಮಾಡ್ತೀವಿ? ಗಾಡಿ, ಕತ್ತಿ, ಕುಡುಗೋಲು ಎಲ್ಲಾ ತೊಳೆದು ಕುಂಕುಮ ಇಡ್ತೀವಿ. ಶಿವಪುತ್ರ ಗ್ಯಾರೇಜಿನ ಪೂಜೆಗೆ ಹೋಗಿದ್ದ. ಶೇಷಮ್ಮ ನೋಡಿದ್ಲು, ಮಂಚದ ಕೆಳಗೆ ಟ್ರೇ ತುಂಬ ಟ್ಯಾಂಕು, ಎಲ್ಲಾ ಕೆಸರು. ಸೋಪಿನ ಪುಡಿ ಹಾಕಿ, ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ ತೊಳೆದ್ಲು ನೋಡು. ಶೋರೂಮಿಂದ ಈಗ ಇಳಿದಂಗೆ ಸಾಲಾಗಿ ನಿಲ್ಲಿಸಿ, ಒಂದೊಂದರ ನೆತ್ತಿಗೂ ಕುಂಕುಮ ಇಟ್ಟು, ಮುಂದೆ ಇವನ ಬ್ರಷ್ಷು, ಬಣ್ಣದ ಡಬ್ಬಿ ಜೋಡಿಸಿ, ಚೆಂಡು ಹೂವು ಏರಿಸಿದ್ಲು.

ಶಿವಪುತ್ರ ಬಂದು ನೋಡಿ, ಅಯ್ಯೋ ನನ್ನ ಕೆಸರು ಅಂತ ಬಾಗಿಲಲ್ಲೇ ಕೂಗಿಕೊಂಡ. ಅವಳು, ನಾನು ಹೇಳ್ತೀನಿ ಕೇಳು, ಸೊಂಟಕ್ಕೆ ಕೈ ಇಟ್ಕೊಂಡು ಕೇಳಿದ್ಲು:

"ಪೂಜಿ ದಿನ ಗಾಡಿ ಹೊಲಸ ಇಡತಾರೇನ್ರಿ?"

ತಪ್ಪು ಹೇಳಿದ್ಲಾ ಅವಳು? ಸರಿ, ಮತ್ತೆ ಬಳೀಬಹುದಲ್ಲ ಅಂತೀಯಾ? ಬ್ರಷ್ಷೂ ಪೂಜೆಲಿದೆಯಲ್ಲಪ್ಪಾ. ಪೂಜೆಗಿಟ್ಟ ಆಯುಧ ಮಾರನೇ ದಿನ ಮಂಗಳಾರತಿ ಆಗೋವರೆಗೂ ಮುಟ್ಟೋಹಾಗಿಲ್ಲ. ಬೇರೆ ಬ್ರಷ್ಷು ತರೋಣ ಅಂದ್ರೆ ಹಬ್ಬ, ಅಂಗಡಿ ಎಲ್ಲಾ ಬಾಗಿಲು ಹಾಕಿದ್ವು. ಬೆಳಿಗ್ಗೆ ಬೇಗ ಆರತಿ ಮುಗಿಸಿ, ಪ್ರದರ್ಶನಕ್ಕೆ ಆಟೋದಲ್ಲಿ ಕೂತು, ದಾರೀಲೇ ಕೆಲಸ ಅಂತ ನಿರ್ಧಾರ ಆಯ್ತು. ಟ್ರೇ ಹಿಡಿಯೋಕೆ ನಾನು.

ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿಗೆ ಜೀವನದಲ್ಲಿ ಮೊದಲನೇ ಸಲ ಕೈ ಮುಗಿದೆ. ರಸ್ತೆ ಅಗೆದು ಗುಡ್ಡೆ ಹಾಕಿದ್ರು. ಧೂಳು ತಾನೇ ಬಂದು ಕೂರ್ತಿತ್ತು. ಶಿವಪುತ್ರ ಇಳಿದು ಮುಂದಿನ ಬಸ್ಸಿನ ಸೈಲೆನ್ಸರ್‌ಗೆ ಬ್ರಷ್ಷು ಒತ್ತಿ ಮಸಿ ತಂದ, ಕಂಡಕ್ಟರ್ ಅಟ್ಟಿಸ್ಕೊಂಡು ಬಂದ. ಟೀ ಅಂಗಡಿ ಡಿಕಾಕ್ಷನ್‌ನಲ್ಲಿ ಇಟ್ಟಿಗೆ ಪುಡಿ ಕಲಸಿದ, ತುಕ್ಕು. ಗುಂಡೀಲಿ ನಿಂತಿದ್ದ ನೀರು, ಕೆಸರು. ನೆತ್ತಿ ಮೇಲಿನ ಕುಂಕುಮ ಮಾತ್ರ ಒರೆಸಿ ಬಿಸಾಡಲಿಲ್ಲ. ಬೆರಳಲ್ಲಿ ತೆಗೆದು ಪ್ರತಿ ಟ್ಯಾಂಕಿನ ಹೊಟ್ಟೆ ಕೆಳಗೆ ಹಚ್ಚಿದ. ಪೂಜೆ ಮಾಡಿದ್ದಲ್ವಾ. ಇಂದಿರಾನಗರ ಬಿಟ್ಟು ಹಲಸೂರೂ ದಾಟಿ ಹೋಗಿ ವಾಪಸ್ ತಿರುಗಿಸಿದ್ವಿ, ಅಷ್ಟು ಮೈಮರೆತಿದ್ವಿ. ಇಳಿದು ನೋಡ್ತೀನಿ, ತಿಂಗಳು ಕೂತು ಮಾಡಿದ್ದಕ್ಕಿಂತ ಚೆನ್ನಾಗಿದೆ!

ಇಂದಿರಾನಗರದ ಹಾಲಿಗೆ ಹೋದ್ರೆ ಮೇಜಿನ ಮೇಲೆ ಚೀಟಿ ಮೊದಲೇ ಕೂತಿದೆ. ಭಗವಂತರಾಯ. ಅಷ್ಟೇ. ಶಿವಪುತ್ರನ ಹೆಸರು ಕೆಳಗೂ ಇಲ್ಲ, ಹಿಂದುಗಡೆಯೂ ಇಲ್ಲ. ತಿರುಗಿಸಿ ನೋಡಿದೆ ನಾನು. ಭೂತಗನ್ನಡಿ ಹಿಡ್ಕೊಂಡು ತೀರ್ಪುಗಾರರು ಬಂದ್ರು, ಈ ಧೂಳು ಹೇಗೆ ತಂದ್ರಿ ಅಂತ ಬಾಯಿ ಬಿಟ್ರು. ಆ ಮನುಷ್ಯ, ನಮ್ಮ ಇಂಗಿನ ಮಜ್ಜಿಗೆ ಕುಡಿದ ಮನುಷ್ಯ, ಫಾರಿನ್ ಪೌಡರು, ಮೂರು ಪದರ ಅಂತ ಶುರು ಹಚ್ಕೊಂಡ.

ನಾನು ಬಾಯಿ ಬಿಡೋಕೆ ಮುಂಚೆ ಶಿವಪುತ್ರ ಒಂದು ಟ್ಯಾಂಕು ಎತ್ತಿ ಬೋರಲು ಹಾಕಿದ. ಕುಂಕುಮ.

"ಈ ಪೂಜಿ ಯಾರ ಮನ್ಯಾಗ ಆಗೇದಂತ ಹೇಳ್ರಿ, ರಾಯರ."

ಭಗವಂತರಾಯ ಪೆನ್ನು ತೆಗೆದ. ತೆಗೆದು ಏನು ಬರೆದ ಹೇಳು? ತನ್ನ ಹೆಸರಿನ ಕೆಳಗೆ, ಸಣ್ಣಕ್ಕೆ, 'ಸಹಾಯ: ಶಿವಪುತ್ರ'. ಸಹಾಯವಂತೆ! ಟ್ರೇ ಹಿಡಿದ ನಂದು ಸಹಾಯ. ಬಸ್ಸಿನ ಹೊಗೆದು ಸಹಾಯ. ಅವನದು ಸಹಾಯಾನಾ? ಇವತ್ತಿಗೂ ನೆನೆಸ್ಕೊಂಡ್ರೆ ನನ್ನ ಬಿಪಿ ಮಾತ್ರೆ ಕೆಲಸ ಮಾಡಲ್ಲ. ಮೊದಲನೇ ಬಹುಮಾನವೂ ಅವನಿಗೇ ಹೋಯ್ತು, ಸದಸ್ಯನ ಹೆಸರಿಗೆ ಕೊಡೋದು ನಿಯಮವಂತೆ.

ಶಿವಪುತ್ರ ಜಗಳ ಆಡಲಿಲ್ಲ. ಕೈಲಿದ್ದ ಟ್ಯಾಂಕು ಅಂಗಿ ಜೇಬಿಗೆ ಹಾಕ್ಕೊಂಡ, ಈ ತಿಂಗಳ ಕೂಲಿ ಇದೇ ಆಯ್ತು ಅಂದ, ಹೊರಟ. ಮತ್ತೆಂದೂ ಅವರಿಗೆ ಬ್ರಷ್ಷು ಹಿಡೀಲಿಲ್ಲ. ಭಗವಂತರಾಯ ಎರಡು ಸಲ ಜಗಲಿವರೆಗೂ ಬಂದ. ನೀರೂ ಕೊಡಲಿಲ್ಲ ನಾನು. ಆಮೇಲೆ ಶಿವಪುತ್ರ ಮಹದೇವಪುರದಲ್ಲಿ ಸ್ವಂತ ಶೆಡ್ಡು ಹಾಕಿದ. ಬೋರ್ಡಲ್ಲಿ ತನ್ನ ಹೆಸರು ಎಷ್ಟು ದೊಡ್ಡದಾಗಿ ಬರೆಸಿದ ಅಂದ್ರೆ ವಿಮಾನದವರು ಅದನ್ನ ನೋಡ್ಕೊಂಡೇ ಇಳೀತಿದ್ರು. ರೂಮು ಖಾಲಿ ಮಾಡೋ ದಿನ ಟ್ಯಾಂಕು ನನ್ನ ಕೈಗೆ ಕೊಟ್ಟ, ಯಜಮಾನ್ರ, ತೊಳೀಬ್ಯಾಡ್ರಿ ಅಂತ.

ಅಗೋ, ಟಿವಿ ಪಕ್ಕ ಇದೆಯಲ್ಲ, ಅದೇ. ಇನ್ನೂ ಸುಳ್ಳು ಅನ್ಸುತ್ತಾ? ತಾ ಇಲ್ಲಿ, ಹೊಟ್ಟೆ ಕೆಳಗೆ...

ಹಾಂ? ಬಂದೆ ಕಣೇ ಆಂಜನಮ್ಮ, ಮುದ್ದೆ ಆರಿದ್ರೆ ಆರ್ಲಿ ಅಂತ ಹೇಳಿದ್ನಾ ನಾನು? ಬಂದೆ. ನೀನೇ ತಿರುಗಿಸಿ ನೋಡಪ್ಪ. ಮೆಲ್ಲಗೆ. ಧೂಳು ಉದುರಿಸ್ಬೇಡ.