ಬಿಳಿಜೋಳ ಕೇಳಿದ ಪ್ರಶ್ನೆ

1997ರಲ್ಲಿ ನಾನು ಕುಷ್ಟಗಿಯ ದೂರವಾಣಿ ವಿನಿಮಯ ಕೇಂದ್ರಕ್ಕೆ ಟೆಕ್ನಿಷಿಯನ್ ಆಗಿ ಬಂದೆ. ಅಲ್ಲಿಂದ ಯಲಬುರ್ಗಾ, ಗಂಗಾವತಿ, ಕೊನೆಗೆ ಕೊಪ್ಪಳ. ಇಪ್ಪತ್ತಮೂರು ವರ್ಷ ನನ್ನ ಕೆಲಸ ಒಂದೇ ಆಗಿತ್ತು: ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಸರಿಯಾಗಿ ಮುಟ್ಟುವಂತೆ ನೋಡಿಕೊಳ್ಳುವುದು. 2020ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡೆ. ನಾನಿಲ್ಲಿ ಹೇಳುತ್ತಿರುವುದು ಅದರ ಮರುವರ್ಷದ ಸಂಗತಿ. ಆಗ ನನಗೆ ಹುದ್ದೆ ಇರಲಿಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅಂಗಡಿಗಳಿಗೆ, ಶಾಲೆಗಳಿಗೆ ವೈಫೈ, ಕ್ಯಾಮೆರಾ ಹಾಕಿಕೊಡುತ್ತಿದ್ದೆ.

ನಿವೃತ್ತಿಯ ದಿನ ಕೀಲಿಗಳನ್ನು ಒಪ್ಪಿಸಿ, ಸಹಿ ಮಾಡಿ ಮನೆಗೆ ಬಂದಿದ್ದೆ. ದುಃಖವಾಗಲಿಲ್ಲ, ಹಗುರವೂ ಅನಿಸಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಹಾಗೆಯೇ ಇದ್ದೆ. ಊಟ ಮಾಡುತ್ತಿದ್ದೆ, ಕೇಬಲ್ ಎಳೆಯುತ್ತಿದ್ದೆ, ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ನೆಪಕ್ಕೆಂದು ಇದನ್ನು ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೂ ಇದಕ್ಕೂ ಸಂಬಂಧವಿದೆ.

ನಮ್ಮ ಹಿಂದಿನ ಓಣಿಯ ಈರಣ್ಣ ಮಾಸ್ತರರು ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಕೊರೋನಾದಿಂದಾಗಿ ಮೈದಾನ ಬಂದ್ ಆಗಿತ್ತು. ಅವರು ಮೊಬೈಲಿನಲ್ಲಿ ಆಡುವ ಒಂದು ಆನ್‌ಲೈನ್ ಆಟದ ಸುತ್ತ ಗುಂಪು ಕಟ್ಟಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಲಿನ ನಲವತ್ತಾರು ಜನ. ಕಾರಟಗಿಯ ರೈಸ್ ಮಿಲ್ಲಿನ ಸೂಪರ್‌ವೈಸರ್ ಒಬ್ಬರಿದ್ದರು, ಬಟ್ಟೆ ಅಂಗಡಿಯವರಿದ್ದರು, ಸರ್ಕಾರಿ ನೌಕರರಿದ್ದರು. ನಾಲ್ವರದು ಒಂದು ತಂಡ. ಆಡುವಾಗ ಒಬ್ಬರಿಗೊಬ್ಬರು ಮಾತಾಡುತ್ತಲೇ ಇರಬೇಕು.

ಒಂದು ಬೆಳಿಗ್ಗೆ ಮಾಸ್ತರರು ಬಂದು ಕುಳಿತರು. "ಕಾಕಾ, ಆಟದೊಳಗಿನ ಧ್ವನಿ ನಡನಡುವ ಕಡೀತೈತಿ. ಹಿಂದ ಒಬ್ಬ ಅದಾನ ಅಂತ ನಾ ಹೇಳಿದ್ದು ಅವ್ರಿಗೆ ಮುಟ್ಟೂದ್ರಾಗ ಆಟ ಮುಗದಿರತೈತಿ. ಎಲ್ಲಾರಿಗೂ ಹೊಂದೂವಂಥದ್ದು ಒಂದು ಛಲೋ ವಾಯ್ಸ್ ಚಾಟ್ ಆರಿಸಿಕೊಡ್ರಿ. ಮುಂದಿನ ತಿಂಗಳು ಸ್ಪರ್ಧೆ ಐತಿ."

ನಾನು ಆ ಆಟವನ್ನು ಎಂದೂ ಆಡಿದವನಲ್ಲ. ಆದರೆ ಕೆಲಸ ಹಳೆಯದೇ. ಒಪ್ಪಿಕೊಂಡೆ. ಸದಸ್ಯರೆಲ್ಲರೂ ತಮ್ಮ ಫೋನ್ ಯಾವುದು, ಊರಿನಲ್ಲಿ ಸಿಗ್ನಲ್ ಹೇಗೆ, ತಮಗೆ ಏನು ಬೇಕು ಎಂದು ಬರೆದು ಕಳಿಸಲಿ ಎಂದೆ. ಮೂವತ್ತೊಂದು ಉತ್ತರ ಬಂದವು. ಹೆಚ್ಚಿನವು ಒಂದೇ ಥರ: ದನಿ ಕಡಿಯಬಾರದು, ಡಾಟಾ ಹೆಚ್ಚು ತಿನ್ನಬಾರದು. 'ಬಿಳಿಜೋಳ' ಎಂಬ ಆಟದ ಹೆಸರಿನಿಂದ ಬಂದ ಉತ್ತರದಲ್ಲಿ ಮಾತ್ರ ಒಂದು ಪ್ರಶ್ನೆ ಇತ್ತು. "ಇದರಾಗ ನಮ್ಮ ಫೋನ್ ನಂಬರ್ ಉಳಿದವ್ರಿಗೆ ಕಾಣಸ್ತೈತೇನ್ರಿ?" ನಾನು ಅದನ್ನು ಪಟ್ಟಿಯಲ್ಲಿ 'ಇತರೆ' ಎಂಬ ಕಾಲಂಗೆ ಹಾಕಿದೆ.

ಹತ್ತು ದಿನ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದೆ. ಅಳೆದದ್ದು ಮುಖ್ಯವಾಗಿ ಎರಡು. ಒಂದು ಲೇಟೆನ್ಸಿ, ಅಂದರೆ ಇಲ್ಲಿ ಆಡಿದ ಮಾತು ಅಲ್ಲಿ ಕೇಳಲು ಹಿಡಿಯುವ ಸಮಯ. ಇನ್ನೊಂದು ಪ್ಯಾಕೆಟ್ ಲಾಸ್, ಅಂದರೆ ದಾರಿಯಲ್ಲಿ ಕಳೆದುಹೋಗುವ ದನಿಯ ತುಣುಕುಗಳು. ಮೊದಲನೆಯದು ಆಟಗಾರರಲ್ಲೇ ಹೆಸರಾದ ಆ್ಯಪ್. ಸೌಲಭ್ಯಗಳು ಬಹಳ, ಆದರೆ ಹಳೆಯ ಫೋನುಗಳಲ್ಲಿ ಆಟವೂ ಅದೂ ಒಟ್ಟಿಗೆ ನಡೆಯುತ್ತಿರಲಿಲ್ಲ. ಎರಡನೆಯದು ಫೋನ್ ನಂಬರಿನಿಂದ ಸೇರುವ ಸಾದಾ ಕರೆ ಆ್ಯಪ್. ಬಹಳ ಹಗುರ. ಕುಕನೂರು ಕಡೆಯ ಬಡ ಸಿಗ್ನಲ್‌ನಲ್ಲೂ ಲೇಟೆನ್ಸಿ 140 ಮಿಲಿಸೆಕೆಂಡ್ ದಾಟಲಿಲ್ಲ. ಮೂರನೆಯದು ಬಾಡಿಗೆ ಸರ್ವರ್‌ನಲ್ಲಿ ನಾವೇ ನಡೆಸಬೇಕಾದ ವ್ಯವಸ್ಥೆ. ಅಡ್ಡಹೆಸರು, ಪಾಸ್‌ವರ್ಡ್ ಇದ್ದರೆ ಸಾಕು. ಅಲ್ಲಿ 155. ಕಿವಿಗೆ ವ್ಯತ್ಯಾಸವೇ ತಿಳಿಯದು. ಆದರೆ ಆ ಸರ್ವರ್ ಅನ್ನು ಯಾರಾದರೂ ದಿನವೂ ನೋಡಿಕೊಳ್ಳಬೇಕಿತ್ತು. ಆ 'ಯಾರಾದರೂ' ನಾನೇ ಆಗುತ್ತಿದ್ದೆ. ಇನ್ನೊಂದು ಯಂತ್ರವನ್ನು ಕಾಯುವ ಮನಸ್ಸು ನನಗಿರಲಿಲ್ಲ.

ಎರಡನೆಯದನ್ನು ಆರಿಸಿದೆ. ವರದಿಯಲ್ಲಿ ಬರೆದ ಅಂಕಿಗಳೆಲ್ಲ ಸರಿಯಾಗಿದ್ದವು. ಎಲ್ಲರೂ ಸೇರಿಕೊಂಡರು. ಒಬ್ಬರ ನಂಬರ್ ಉಳಿದ ನಲವತ್ತೈದು ಜನರಿಗೂ ಕಾಣುತ್ತಿತ್ತು. ಮಾಸ್ತರರು ಖುಷಿಯಾದರು. ಬಿಳಿಜೋಳ ಮಾತ್ರ ಎಲ್ಲರಿಗಿಂತ ತಡವಾಗಿ ಸೇರಿದ್ದು. ಆಮೇಲೂ ಮೈಕ್ ಆನ್ ಮಾಡುತ್ತಿರಲಿಲ್ಲ, ಉಳಿದವರ ಮಾತು ಕೇಳಿಸಿಕೊಂಡು ಆಡುವುದಷ್ಟೇ ಎಂದು ಮಾಸ್ತರರೇ ಹೇಳಿದರು. "ಕಾಕಾ, ಅಂವ ಮೂಗ ಇದ್ದಾನೋ ಏನೋ. ಆದ್ರ ನಮ್ಮೊಳಗ ಅವನಷ್ಟು ಛಲೋ ಆಡಾವ್ರು ಯಾರೂ ಇಲ್ಲ."

ಮೂರು ವಾರದ ನಂತರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಮಾಸ್ಕ್ ತೆಗೆಯದೆ ಬಾಗಿಲಲ್ಲೇ ನಿಂತು, "ವಾಯ್ಸ್ ಚಾಟ್ ಆರಿಸಿದವ್ರು ನೀವೇನ್ರಿ ಸರ್?" ಎಂದಳು. ಒಳಗೆ ಕರೆದೆ. ಹೆಸರು ರೇಣುಕಾ. ಕುಕನೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೊರೋನಾ ಪರೀಕ್ಷೆಗೆ ಮೂಗಿನ ಸ್ವ್ಯಾಬ್ ತೆಗೆಯುವ ಕೆಲಸ ಅವಳದು. "ನಾನs ಬಿಳಿಜೋಳ ರೀ," ಎಂದಳು.

ಫೋನನ್ನು ನನ್ನ ಟೇಬಲ್ ಮೇಲಿಟ್ಟಳು. ಅವಳು ಇನ್ನೂ ಕುಳಿತಿರಲಿಲ್ಲ, ಅದು ರಿಂಗಾಯಿತು. ಎತ್ತಿದಳು, ಎರಡು ಸೆಕೆಂಡ್ ಕೇಳಿದಳು, ಇಟ್ಟಳು. ಮತ್ತೆ ರಿಂಗಾಯಿತು, ಬೇರೆ ನಂಬರ್. ಮತ್ತೆ ಎತ್ತಿದಳು. ಈ ಸಲ, "ಹೂಂ ರೀ ಅಜ್ಜಾರ, ನಿಮ್ಮದು ನೆಗೆಟಿವ್ ಬಂದೈತಿ, ಆರಾಮ ಇರ್ರಿ," ಎಂದು ಮೆಲ್ಲಗೆ ಹೇಳಿ ಇಟ್ಟಳು. ಮೂರನೆಯ ಕರೆಗೆ ಮತ್ತೆ ಮಾತಾಡದೆ ಇಟ್ಟಳು.

"ಯಾರವಾ ಅವರು?"

"ಗೊತ್ತಿಲ್ರಿ. ಈ ಚಾಟಿಗೆ ಸೇರಿದ ಮ್ಯಾಲs ಸುರು ಆಗ್ಯಾವ. ನಿನ್ನೆ ಮೂವತ್ತೇಳು ಬಂದಿದ್ವು. ಹೊಲಸು ಮಾತಾಡ್ತಾರ. ಹೊಸ ನಂಬರಿಂದ ಬಂದ ಫೋನ್ ನಾ ಎತ್ತದs ಇರಾಕ ಬರಂಗಿಲ್ರಿ. ರಿಪೋರ್ಟ್ ಕೇಳಾವ್ರಿಗೆಲ್ಲಾ ಇದs ನಂಬರ್ ಕೊಟ್ಟೈತಿ. ಮೊನ್ನೆ ತಡಿಯಾಕಾಗ್ಲಿಲ್ಲ, ಎರಡು ತಾಸು ಬಂದ್ ಮಾಡಿಟ್ಟೆ. ಒಬ್ರ ಮನಿಯಾವ್ರು ಅಷ್ಟೂ ಹೊತ್ತು ಫೋನ್ ಹಚ್ಚ್ಯಾರ. ಅವ್ರಿಗೆ ಪಾಸಿಟಿವ್ ಇತ್ತು. ಗೊತ್ತಾಗೂದ್ರಾಗ ಮನಿ ಮಂದೀ ಜೋಡಿ ಕುಂತು ಊಟ ಮಾಡಿದ್ರು."

ಇದನ್ನೆಲ್ಲ ಅವಳು ಯಾರದೋ ರಿಪೋರ್ಟ್ ಓದಿದಂತೆ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ನಾನೂ ಹಾಗೆಯೇ ಕೇಳಿದೆ. ಇಬ್ಬರೂ ಮರಗಟ್ಟಿದವರೇ, ಎದುರುಬದುರು ಕುಳಿತಿದ್ದೆವು. ಫೋನ್ ಮಾತ್ರ ಟೇಬಲ್ ಮೇಲೆ ನಡುಗುತ್ತಿತ್ತು.

"ನಾ ಮೊದಲs ಕೇಳಿದ್ದೆ ಸರ್, ನಂಬರ್ ಕಾಣಸ್ತೈತೇನು ಅಂತ. ನೀವು ಓದಿರಲಿಕ್ಕಿಲ್ಲ."

ಹೌದೆಂದು ಬಿಡಬಹುದಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಓದಿದ್ದೆ ಯವ್ವಾ," ಎಂದೆ.

ಅವಳು ನನ್ನ ಮುಖ ನೋಡಿದಳು. "ಎಲ್ಲಾರೂ ಸೇರಿದ್ರು. ನಾ ಒಬ್ಬಾಕಿ ಒಲ್ಲೆ ಅಂದ್ರ ಯಾಕ ಅಂತ ಕೇಳ್ತಿದ್ರು," ಎಂದಳು.

ಆ ಮಧ್ಯಾಹ್ನವೇ ಮಾಸ್ತರರನ್ನು ಕರೆಸಿದೆ. ಮೂವರೂ ಕೊಪ್ಪಳದ ಪೊಲೀಸರ ಬಳಿ ಹೋಗಿ, ಬಂದ ನಂಬರುಗಳ ಪಟ್ಟಿ ಕೊಟ್ಟು ದೂರು ಬರೆಸಿದೆವು. ಅಲ್ಲಿಯೂ ಎರಡು ಕರೆ ಬಂದವು. ಎರಡನೆಯದನ್ನು ದೂರು ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆಯೇ ಎತ್ತಿ ತಾನು ಯಾರೆಂದು ಹೇಳಿದರು. ಕರೆ ಕಡಿಯಿತು.

ಭಾನುವಾರ ಹನ್ನೊಂದು ಗಂಟೆಗೆ ಮಾಸ್ತರರು ಗುಂಪನ್ನೆಲ್ಲ ಅದೇ ವಾಯ್ಸ್ ಚಾಟಿನಲ್ಲಿ ಸೇರಿಸಿದರು. ರೇಣುಕಾ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಅವರು ನಡೆದದ್ದನ್ನು ಹೇಳಿ, "ನಂಬರ್ ಹೊರಗ ಕೊಟ್ಟಾವ್ರು ಯಾರು?" ಎಂದು ಕೇಳಿದರು. ದನಿ ಸ್ವಚ್ಛವಾಗಿತ್ತು. ಯಾರದೋ ಮನೆಯ ಕುಕ್ಕರ್ ಕೂಗಿದ್ದು, ಯಾರದೋ ಬೀದಿಯಲ್ಲಿ ಟ್ರ್ಯಾಕ್ಟರ್ ಹೋದದ್ದು ಎಲ್ಲವೂ ಕೇಳಿಸಿತು. ಕೊನೆಗೆ ಗಂಗಾವತಿಯ ಒಬ್ಬ ಸದಸ್ಯ ಮಾತಾಡಿದ.

"ಪೇಮೆಂಟ್ ಆ್ಯಪಿನ್ಯಾಗ ನಂಬರ್ ಹಾಕಿ ನೋಡಿದ್ದೆ ರೀ. ಹೆಣ್ಮಗಳ ಹೆಸರು ಬಂತು. ಬ್ಯಾರೆ ಗ್ರೂಪಿಗೆ ಹಾಕಿದ್ದೆ, ಸುಮ್ನ ಚ್ಯಾಷ್ಟಿಗೆ."

"ಚ್ಯಾಷ್ಟಿ ಯಾರಿಗಾತು?" ಎಂದರು ಮಾಸ್ತರರು.

ಅವನನ್ನು ಗುಂಪಿನಿಂದ ತೆಗೆದರು. ಅವನ ಹೆಸರನ್ನೂ ಪೊಲೀಸರಿಗೆ ಕೊಟ್ಟೆವು. ಅವನು ತಂಡದ ಎರಡನೇ ಒಳ್ಳೆಯ ಆಟಗಾರನಾಗಿದ್ದ.

ಎರಡು ದಿನದಲ್ಲಿ ನಾನು ಮೂರನೆಯ, ಬಾಡಿಗೆ ಸರ್ವರ್‌ನ ವ್ಯವಸ್ಥೆಯನ್ನು ಸಿದ್ಧಪಡಿಸಿದೆ. ಕಷ್ಟವೇನೂ ಆಗಲಿಲ್ಲ. ಮೊದಲೇ ಮಾಡಿದ್ದರೂ ಎರಡೇ ದಿನ ಹಿಡಿಯುತ್ತಿತ್ತು. ಯಾರ ನಂಬರೂ ಯಾರಿಗೂ ಕಾಣದು. ಎಲ್ಲರೂ ಬರುವ ಮುಂಚೆ ಪರೀಕ್ಷೆ ಮಾಡಲು ರೇಣುಕಾಳಿಗೆ ಹೇಳಿಕಳಿಸಿದೆ. ಸಂಜೆ ನಾಲ್ಕಕ್ಕೆ ಡ್ಯೂಟಿ ಮುಗಿಸಿ ಸೇರಿದಳು. ನಾವಿಬ್ಬರೇ ಇದ್ದೆವು. ಮೊದಲ ಬಾರಿಗೆ ಅವಳ ಮೈಕಿನ ಗುರುತು ಹಸಿರಾಯಿತು.

"ಕೇಳಸ್ತೈತೇನ್ರಿ ಸರ್?"

"ಛಲೋ ಕೇಳಸ್ತೈತಿ."

"ಇದರಾಗ ಯಾರೂ ರೆಕಾರ್ಡ್ ಮಾಡಾಕ ಬರಂಗಿಲ್ಲೇನು?"

"ಇದರಾಗ ಬರಂಗಿಲ್ಲ. ಆದ್ರ ಬಾಜೂಕ ಇನ್ನೊಂದು ಫೋನ್ ಇಟ್ಕೊಂಡು ಮಾಡಿದ್ರ ನನ್ನ ಕೈಯಾಗಿಲ್ಲ ಯವ್ವಾ."

"ಖರೇ ಹೇಳಿದ್ರಿ, ಅಷ್ಟು ಸಾಕು," ಎಂದು ಅವಳು ಚಾಟಿನಿಂದ ಹೊರಗೆ ಹೋದಳು. ಮತ್ತೆ ಆ ಗುಂಪಿಗೆ ಬರಲಿಲ್ಲ. ಸ್ಪರ್ಧೆಯಲ್ಲಿ ನಮ್ಮವರು ಎರಡನೇ ಸುತ್ತಿನಲ್ಲಿ ಸೋತರು. ಕರೆ ಮಾಡುತ್ತಿದ್ದವರಲ್ಲಿ ಕೆಲವರನ್ನು ಪೊಲೀಸರು ಕರೆಸಿ ಎಚ್ಚರಿಸಿದರು. ಆದರೂ ಕರೆಗಳು ಪೂರ್ತಿ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವಳು ಪ್ರತಿಯೊಂದನ್ನೂ ಎತ್ತಿದಳು ಎಂದು ಮಾಸ್ತರರಿಂದ ತಿಳಿಯಿತು.

2023ರಲ್ಲಿ ಒಂದು ಕೆಲಸಕ್ಕೆಂದು ಕುಕನೂರಿಗೆ ಹೋದವನು, ಸಕ್ಕರೆ ಕಾಯಿಲೆಯ ಪರೀಕ್ಷೆಗಾಗಿ ಅದೇ ಆಸ್ಪತ್ರೆಗೆ ಹೋದೆ. ರಕ್ತ ತೆಗೆದವಳು ರೇಣುಕಾ. ಗುರುತು ಹಿಡಿದಳು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿಯಲು ಹೇಳಿ, ತಾನಾಗಿಯೇ ಅಂದಳು: "ಈಗ ಬ್ಯಾರೆ ಗುಂಪಿನ್ಯಾಗ ಆಡ್ತೀನ್ರಿ. ಮಾತೂ ಆಡ್ತೀನಿ." ಯಾವ ಗುಂಪು, ಯಾವ ಹೆಸರು ಎಂದು ನಾನು ಕೇಳಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಾಗ, ಬಹಳ ದಿನಗಳ ಮೇಲೆ, ನನ್ನೊಳಗೆ ಏನೋ ನೋಯುತ್ತಿದೆ ಎಂದು ಗೊತ್ತಾಯಿತು.

ಇಲಾಖೆಯಲ್ಲಿ ನಮಗೆ ಕಲಿಸಿದ್ದು, ದೋಷವಾಗುತ್ತದೆ, ದೂರು ಬರುತ್ತದೆ, ಹೋಗಿ ಸರಿಪಡಿಸಬೇಕು ಎಂಬುದನ್ನು. ದೋಷಕ್ಕಿಂತ ಮುಂಚೆಯೇ ಬರುವ ದೂರಿಗೆ ಅಲ್ಲಿ ದಾಖಲೆಯ ನಂಬರ್ ಇರಲಿಲ್ಲ. ಅದು ದೂರಿನಂತೆ ಕಾಣುವುದೂ ಇಲ್ಲ, ಯಾರೋ ಒಬ್ಬರ ಸಣ್ಣ ಅನುಮಾನದಂತೆ ಇರುತ್ತದೆ. ಈಗ ನನ್ನ ಪಟ್ಟಿಗಳಲ್ಲಿ 'ಇತರೆ' ಎಂಬ ಕಾಲಂ ಇಲ್ಲ. ಮೀಟರ್ ಕೈಗೆತ್ತಿಕೊಳ್ಳುವ ಮೊದಲು, ಒಬ್ಬರೇ ಕೇಳಿದ್ದರೂ, ಅವರ ಎದುರು ಕುಳಿತು ಯಾಕೆ ಕೇಳಿದಿರಿ ಎಂದು ವಿಚಾರಿಸುತ್ತೇನೆ. ಅದಕ್ಕೆ ಹೆಚ್ಚೆಂದರೆ ಅರ್ಧ ತಾಸು ಹಿಡಿಯುತ್ತದೆ.