ಐದನೆಯ ಕುರ್ಚಿ

ಚನ್ನವೀರಪ್ಪ ಮೇಷ್ಟ್ರು ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ತಟ್ಟೆ ಮಗುಚಿ ಅದರ ಬೆನ್ನು ನೋಡುತ್ತಿದ್ದರು. ಬಡಿಸಿದ ಮೇಲೆ ನೆನಪಾದರೆ ಅನ್ನವನ್ನು ಪಕ್ಕದವರ ತಟ್ಟೆಗೆ ಸುರಿದಾದರೂ ನೋಡುವವರೇ. ಒಮ್ಮೆ ಹೆಣ್ಣು ನೋಡಲು ಬಂದ ಬೀಗರ ತಟ್ಟೆಗೇ ಕೈ ಹಾಕಿಬಿಟ್ಟರು. ಮೇಷ್ಟ್ರು ಬರುತ್ತಿದ್ದಾರೆಂದರೆ ಹೆಂಗಸರು ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಒಳಗೆ ಸಾಗಿಸುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ವಿಮಾನದ ನಂಬರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮೂರಿನ ಕಾಡಂಚಿಗೆ ಬಾಂಬು ಹಾಕುವ ಇಂಗ್ಲಿಷರ ವಿಮಾನವೊಂದು ಬಿದ್ದಿತ್ತು. ನಮ್ಮೂರು ಸೊರಬ ತಾಲ್ಲೂಕಿನದು, ಕುಪ್ಪಗಡ್ಡೆಯಿಂದ ಒಂದು ಗಂಟೆಯ ನಡಿಗೆ. ಸಿಪಾಯಿಗಳು ಬಂದು ನಾಲ್ಕು ಹೆಣ ಹೂತು ಹೋದರು. ಉಳಿದ ತಗಡು ಶಿಕಾರಿಪುರದ ಬುಡನ್ ಸಾಬರ ಅಂಗಡಿ ಸೇರಿ, ತಟ್ಟೆ ಸೌಟುಗಳಾಗಿ ನಮ್ಮ ಮನೆಗಳಿಗೇ ಮರಳಿತು. ಕೆಲವು ತಟ್ಟೆಗಳ ಬೆನ್ನಿನಲ್ಲಿ ಅಂಕಿಗಳು ಹಾಗೇ ಉಳಿದಿದ್ದವು. ಬಂದಳಿಕೆಯ ಶಾಸನಗಳನ್ನೆಲ್ಲ ಓದಿ ಮುಗಿಸಿದ್ದ ಮೇಷ್ಟ್ರಿಗೆ, ಯುದ್ಧ ಮುಗಿದು ಹನ್ನೆರಡು ವರ್ಷವಾದ ಮೇಲೆ ಈ ಹುಚ್ಚು ಹತ್ತಿತು.

ನಾನು ಅವರ ಶಿಷ್ಯ. ಆಗ ಅದೇ ಶಾಲೆಯಲ್ಲಿ ಅವರ ಕೈಕೆಳಗೆ ಎರಡನೇ ಮೇಷ್ಟ್ರು. ಬೆತ್ತದ ಗುರುತು ಮೀನಖಂಡದಲ್ಲಿ, ಇಂಗ್ಲಿಷು ತಲೆಯಲ್ಲಿ. ಎರಡನ್ನೂ ಅವರೇ ಕೊಟ್ಟದ್ದು. ನಾನು ಮೇಷ್ಟ್ರಾದ ಮೇಲೂ ಮಕ್ಕಳೆದುರಿಗೇ, "ಗುತ್ಯಪ್ಪ, ನಿನ್ ತಲೆಗೆ ಸಗಣಿ ಸಾರ್ಸಿದ್ದು ಯಾರೋ?" ಎನ್ನುತ್ತಿದ್ದರು. ಊರಲ್ಲಿ ಅವರಿಂದ ಬೈಸಿಕೊಳ್ಳದ ಒಬ್ಬ ನರಪಿಳ್ಳೆಯೂ ಇರಲಿಲ್ಲ.

ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಬುಡನ್ ಸಾಬರ ಅಂಗಡಿಗೆ ಹೋದರು. ಸಾಬರು ಸುತ್ತಿಗೆ ಕೆಳಗಿಟ್ಟು ನಕ್ಕರು.

"ಕುರ್ಚಿ ಐದಿದ್ವು ರೀ ಮೇಷ್ಟ್ರೇ, ನಾನೇ ನಿಂತು ಬಿಚ್ಚಿಸಿದ್ದು. ಚರ್ಮ ಭಾಳ ಚಲೋ ಇತ್ತು, ಚಪ್ಲಿ ಹೊಲ್ಸಿದ್ದೆ."

"ಐದಾ? ಗೋರಿ ನಾಕೇ ಇದಾವಲ್ರೀ!"

ಸಾಬರು ನನ್ನ ಮುಖ ನೋಡಿದರು. ನಾನು ತಿದಿಯ ಕಡೆ ನೋಡಿದೆ.

"ನಾನು ತಗಡಿನೋನು ರೀ," ಎಂದರು ಸಾಬರು. "ಮನ್ಷರ ವಿಷ್ಯ ನಿಮ್ಮೂರೋರ್ನ ಕೇಳ್ರಿ."

ಮೇಷ್ಟ್ರು ಸಿಕ್ಕ ಅಂಕಿಗಳನ್ನೆಲ್ಲ ಬರೆದು ವಿಲಾಯಿತಿಗೆ ಕಳಿಸಿದರು. ತಿಂಗಳುಗಟ್ಟಲೆ ಕಾದ ಮೇಲೆ ಐದು ಹೆಸರು ಬಂದವು. ಅದರ ಹಿಂದೆಯೇ ಐದನೆಯವನ ತಾಯಿಯ ಕಾಗದ ಬಂತು. ಮಗ ಕಾಣೆಯಾಗಿದ್ದಾನೆ ಎಂದಷ್ಟೇ ಆಕೆಗೆ ತಿಳಿಸಿದ್ದರಂತೆ. "ಸತ್ತಿದ್ದರೆ ಸತ್ತಿದ್ದಾನೆಂದೇ ಬರೆಯಿರಿ. ನಾನು ಇನ್ನಾದರೂ ಬಾಗಿಲಿಗೆ ಅಗುಳಿ ಹಾಕಿ ಮಲಗುತ್ತೇನೆ" ಎಂದಿತ್ತು. ಬೆತ್ತ ಮುರಿಯುವಂತೆ ಹೊಡೆಯುತ್ತಿದ್ದ ಮನುಷ್ಯ ಅದನ್ನು ಓದಿ ಕಣ್ಣೊರೆಸಿಕೊಂಡರು. ಅಂದಿನಿಂದ ಮನೆಮನೆಗೂ ಒಂದೇ ಪ್ರಶ್ನೆ: "ಐದ್ನೇವ್ನು ಎಲ್ರೀ?"

ಊರಿಗೆಲ್ಲ ಗೊತ್ತಿತ್ತು. ಐದನೆಯವನು ಪ್ಯಾರಾಚೂಟಿನಲ್ಲಿ ಇಳಿದು, ಸುಟ್ಟ ಮುಖ ಹೊತ್ತು ಊರೊಳಗೇ ನಡೆದುಬಂದಿದ್ದ. ಜಪಾನಿನವನೆಂದು ಊರು ಅವನನ್ನು ಬಡಿದು ಕೊಂದು ಹಾಳುಬಾವಿಗೆ ಹಾಕಿತು. ನನಗಾಗ ಹದಿನೆಂಟು. ನಾನೂ ಒಂದು ಕಲ್ಲು ಎಸೆದಿದ್ದೆ, ಗುರಿ ತಪ್ಪಿರಲಿಲ್ಲ. ಮೇಷ್ಟ್ರು ಆ ದಿನ ಮಗಳ ನಾಮಕರಣಕ್ಕೆಂದು ಶಿಕಾರಿಪುರದಲ್ಲಿದ್ದರು. ಮೊದಮೊದಲು ಪೊಲೀಸರ ಹೆದರಿಕೆಗೆ ಬಾಯಿ ಮುಚ್ಚಿದೆವು. ಆಮೇಲಿನದು ಹೆದರಿಕೆಯಲ್ಲ. ಅವರು ಹುಡುಕುತ್ತಿದ್ದ ದಾರಿ ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆಂದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಹೇಳಿದ್ರೆ ಒಂದಿನದ ಮಜಾ, ಹೇಳ್ದಿದ್ರೆ ದಿನಾ ಮಜಾ," ಎಂದಿದ್ದ ಪಟೇಲ. ಕುಬಟೂರಿನ ಗುಡಿಯಲ್ಲಿ ಬಿಳಿ ತೊಗಲಿನ ಸನ್ಯಾಸಿಯೊಬ್ಬ ಇದ್ದಾನೆಂದು ಅವನೇ ಹಬ್ಬಿಸಿದ. ಮೇಷ್ಟ್ರು ಸುಡುಬಿಸಿಲಲ್ಲಿ ನಡೆದು ಹೋಗಿ, ಅಂಗಾಲು ಬೊಬ್ಬೆ ಎದ್ದು ಕುಂಟುತ್ತ ಬಂದರು. ಚಾವಡಿಯಲ್ಲಿ ಕೂತು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೊಬ್ಬೆಗೆ ಎಣ್ಣೆ ಹಚ್ಚಿದವನೂ ನಾನೇ.

ಕೊನೆಗೆ ನಮ್ಮ ಮನೆಗೆ ಬಂದರು. ಹೇಳಬೇಡವೆಂದು ನಾನು ಕಣ್ಸನ್ನೆ ಮಾಡಿದ್ದನ್ನು ಅವ್ವ ನೋಡಿದಳು, ಆದರೂ ಬಿಡಲಿಲ್ಲ.

"ನಮ್ಮಂಗ್ಳಕ್ಕೇ ಬಂದಿದ್ದ ರೀ ಮೇಷ್ಟ್ರೇ. ಬೊಗ್ಸೆ ಹಿಡ್ದು ನೀರು ಕೇಳ್ದ. ನಾನು ಚೊಂಬು ತರೋದ್ರೊಳ್ಗೆ ಕೆಡ್ವಿದ್ರು. ಕೈ ಮುಗೀತಾನೇ ಇದ್ದ."

"ಕೈ ಮುಗ್ದೋನ್ನ ಬಡಿಯಾಕೆ ಹೇಳ್ದ ಕಟುಕ ಯಾರಮ್ಮಾ?"

"ನೀವೇ ಅಲ್ವೇನ್ರೀ! ಅದ್ರ ಹಿಂದಿನ ವಾರ ಚಾವ್ಡಿ ಕಟ್ಟೆ ಮೇಲೆ ನಿಂತು ಸರ್ಕಾರದ ಕಾಗ್ದ ಓದಿದ್ರಲ್ಲ. ಆಕಾಶ್ದಿಂದ ಇಳ್ದೋನು ಕೈ ಮುಗಿದ್ರೂ ನಂಬಬ್ಯಾಡಿ, ಬಡೀರಿ ಅಂತ."



"ಕಾಗ್ದದಲ್ಲಿ ಹಿಡಿದು ಒಪ್ಪಿಸಿ ಅಂತ ಮಾತ್ರ ಇತ್ತು," ಎಂದರು ಮೇಷ್ಟ್ರು. "ಜನ ಬಾಯಿ ಬಿಟ್ಕೊಂಡು ಕೇಳ್ತಿದ್ರು. ಹುಮ್ಮಸ್ಸಿಗೆ ಉಳಿದದ್ದನ್ನ ನಾನು ಸೇರ್ಸಿದೆ."

ಅವ್ವ ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟಳು. ಅವರು ಅದನ್ನು ಮಗುಚಿ ನೋಡಲಿಲ್ಲ, ತಿನ್ನಲೂ ಇಲ್ಲ.

ಮರುದಿನ ಆ ತಾಯಿಗೆ ಬರೆದ ಕಾಗದವನ್ನು ನನ್ನ ಕೈಗಿಟ್ಟು, "ತಪ್ಪಿದ್ರೆ ತಿದ್ದಿ, ಸೊರಬಕ್ಕೆ ಹೋಗಿ ಪೋಸ್ಟ್ ಮಾಡು," ಎಂದರು. ತಿದ್ದು ಎಂದು ಅವರು ನನಗೆ ಹೇಳಿದ್ದು ಅದೇ ಮೊದಲು. ತಿದ್ದುವಂಥದ್ದೇನೂ ಇರಲಿಲ್ಲ. ಎಲ್ಲ ಇತ್ತು: ಬೊಗಸೆ, ಬಾವಿ, ತಾವು ಸೇರಿಸಿದ ಮಾತು. ನನ್ನ ಹೆಸರಿರಲಿಲ್ಲ, ಊರಿನ ಹೆಸರಿತ್ತು. ನನಗೆ ಅಷ್ಟೇ ಸಾಕಾಯಿತು. ಕಾಗದವನ್ನು ಬಚ್ಚಲೊಲೆಗೆ ಹಾಕಿ, ಪೋಸ್ಟ್ ಮಾಡಿದೆ ಎಂದೆ.

ಆಮೇಲೆ ಅವರು ಯಾರನ್ನೂ ಬೈಯಲಿಲ್ಲ. ದಿನಾ ಅಂಚೆಯವನ ದಾರಿ ಕಾಯುತ್ತಿದ್ದರು. ಒಂದು ವರ್ಷದಲ್ಲಿ ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಬೈದಾದ್ರೂ ಬರೀಬಾರ್ದೇನೋ ಗುತ್ಯಪ್ಪ, ಆ ತಾಯಿ," ಎಂದರು. ಬರುತ್ತದೆ ಮೇಷ್ಟ್ರೇ ಎಂದೆ. ಆ ಸುಳ್ಳು ಹೇಳಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರ ಜಾಗಕ್ಕೆ ನಾನೇ ಹೆಡ್‌ಮೇಷ್ಟ್ರಾದೆ. ಆ ತಿಂಗಳೇ ಅವರ ಹೆಸರಿಗೆ ಆ ತಾಯಿಯ ಇನ್ನೊಂದು ಕಾಗದ ಬಂತು. ಒಡೆಯಲಿಲ್ಲ. ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಲಕೋಟೆಯ ಮೇಲೆ ಬರೆದು ವಾಪಸು ಕಳಿಸಿದೆ. ಮೇಷ್ಟ್ರು ಕಲಿಸಿದ ಇಂಗ್ಲಿಷು, ಒಂದಕ್ಷರವೂ ತಪ್ಪಿರಲಿಲ್ಲ.