ಎರಡನೆಯ ಇಮಾಮ್ ಜಾಮಿನ್

ಅಕ್ಟೋಬರಿನಲ್ಲಿ ಒಬ್ಬಳೇ ಒಂದು ವಾರ ಇಟಲಿಗೆ ಹೋಗಿಬರುವುದೆಂದು ಬೇಸಿಗೆಯಲ್ಲೇ ಗಟ್ಟಿ ಮಾಡಿದ್ದೆ. ಫ್ಲಾರೆನ್ಸಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಆಳಂದದ ನನ್ನ ಮನೆಗೆ ಬಂದಿದ್ದ ಫೂಫಿಗೆ, ಅಂದರೆ ಅಪ್ಪನ ಅಕ್ಕನಿಗೆ, ಅದರ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಊಟಕ್ಕೆ ಕೂತವರು ಬಾಗಿಲಿಗೆ ಬಂದವರನ್ನು ಕರೆಯುವ ಹಾಗೆ, ಬರೀ ಬಾಯಿಮಾತಿಗೆ, “ನೀವೂ ಬರ್ರಿ” ಅಂದೆ. ಅವರು ನಕ್ಕರು.

ಮುಂದಿನ ವಾರ ಫೂಫಿ ಜೇವರ್ಗಿಯಿಂದ ಮತ್ತೆ ಬಂದು, ಚೀಲದಿಂದ ಎರಡು ಇಮಾಮ್ ಜಾಮಿನ್ ತೆಗೆದಿಟ್ಟರು. ದೂರ ಹೊರಟವರು ಕ್ಷೇಮವಾಗಿರಲೆಂದು ನಾಣ್ಯವಿಟ್ಟು ಹೊಲಿದು ತೋಳಿಗೆ ಕಟ್ಟುವ ಹಸಿರು ಪಟ್ಟಿ ಅದು. ಹೊರಟವಳು ನಾನೊಬ್ಬಳು, ಪಟ್ಟಿ ಎರಡು. ಫೂಫಿಯೂ ನನ್ನ ಜೊತೆ ಹೊರಟೇಬಿಟ್ಟರು ಅಂದುಕೊಂಡೆ. ಅವರು ಬಾಯಿ ತೆರೆಯುವ ಮೊದಲೇ ಅಂದೆ: “ಅಲ್ಲಿರೋದು ಒಂದೇ ಖೋಲಿ, ಫೂಫಿ. ಇಬ್ಬರು ಹಿಡಿಸಂಗಿಲ್ಲ.”

ಫೋಟೋ ತೋರಿಸಿದ್ದು ಆಮೇಲೆ ನೆನಪಾಯಿತು. ಪಾಸ್‌ಪೋರ್ಟೇ ಇಲ್ಲದ ಮುದುಕಿಗೆ ಹೆದರಿ ಸುಳ್ಳು ಹೇಳಿದ್ದೆ, ನಾಚಿಕೆಗೇಡಿ ನಾನು.

ಫೂಫಿ ನನ್ನ ಮುಖವನ್ನೇ ನೋಡಿದರು. “ಒಂದು, ಹೋಗೂ ಮುಂದ ನಾ ಕಟ್ತೀನಿ. ವಾಪಸ್ ಬರೂ ಮುಂದ ಅಲ್ಲಿ ನಿನಗ ಯಾರು ಹೊಲಿದು ಕೊಡ್ತಾರ? ಅದಕ್ಕ ಎರಡು ತಂದೀನಿ.”

ನಾನು ಚಹಾ ಮಾಡಲು ಎದ್ದೆ. ಚಹಾ ಕುಡಿದು ಬಸ್ಸಿಗೆ ಹೊರಟವರು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ಮೆಲ್ಲಗೆ ಹೇಳಿದರು:

“ದೊಡ್ಡ ಕಿಟಕಿ ಇರೂ ಖೋಲಿಯೊಳಗ ಮಲಕೋ, ಬೇಟಾ. ಇನ್ನೊಂದ್ರಾಗ ಬೆಳಕೇ ಇಲ್ಲ.”